ಗಂಗವ್ವನ ಉಡಿಯಲ್ಲಿ ಮೂರು ಗ್ರಿಪ್ಪು

ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, "ಎರಡು ಮಾತಾಡ್ರಿ ರಾಮಣ್ಣಾರ" ಎಂದರು. ನಾನು ಎರಡಲ್ಲ, ಇಪ್ಪತ್ತು ಮಾತು ಕೂಡಿಸಿಕೊಂಡು ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮುಂದಿನ ಸಾಲಿನಲ್ಲೇ ಕುಳಿತಿದ್ದರು; ಮಾತು ಇದ್ದದ್ದು ಅವರಿಗಾಗಿಯೇ. ಬನ್ನಿಮಡ್ಡಿಯ ಹೆಸರು ನನ್ನ ಬಾಯಿಂದ ಬಂದದ್ದೇ ತಡ, ವೇದಿಕೆಯ ಮೇಲಿದ್ದ ಸಾಹೇಬರು ಗಡಿಯಾರ ನೋಡಿಕೊಂಡರು. "ಉಪ್ಪಿಟ್ಟು ಆರ್ತೈತ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು, ನನ್ನ ಮಾತು ಅಲ್ಲಿಗೇ ನಿಂತಿತು. ಉಪ್ಪಿಟ್ಟು ತಿಂದು ಮನೆಗೆ ಬಂದೆ. ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಅವತ್ತು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲೈನ್‌ಮನ್ ಆಗಿದ್ದವನು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕಾದವನು ಕಂಬ ಹತ್ತಿದೆ. ಹುನಗುಂದ, ಇಳಕಲ್ಲು, ನವನಗರ, ಕೊನೆಗೆ ಬಾದಾಮಿ. ಬಡ್ತಿಯ ಕಥೆ ಹೇಳುವುದಿಲ್ಲ. ಹೇಳಹೊರಟರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಾನು ಹೇಳುವುದು ಕಂಬದ ಬುಡದಲ್ಲಿ ನಿಂತವರ ಕಥೆ. ಲೈನ್‌ಮನ್ ಸಂಜೆ ಜೀವಂತ ಮನೆಗೆ ಬರುವುದು ಅವರ ದಯೆಯಿಂದ.

ಹುನಗುಂದದಲ್ಲಿ ನನಗೆ ಕೆಲಸ ಕಲಿಸಿದವರು ಹುಸೇನಸಾಬರು. ಅವರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಹೊಲದ ಪಂಪ್‌ಸೆಟ್ಟುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿಸಿ ಎನ್ನುತ್ತಾರೆ. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಪಿಂಗಾಣಿಯ ಮೂರು ಹಿಡಿಕೆಗಳಿರುತ್ತವೆ, ಫ್ಯೂಸಿನ ತಂತಿ ಕಟ್ಟುವುದು ಅವಕ್ಕೇ. ಅವೇ ಗ್ರಿಪ್ಪುಗಳು. ಮೂರನ್ನೂ ಕಿತ್ತರೆ ಮುಂದಿನ ಸಾಲೆಲ್ಲ ಸತ್ತಂತೆ, ಆಮೇಲೆ ಆ ಸಾಲಿನ ಯಾವ ಕಂಬವನ್ನಾದರೂ ಹತ್ತಬಹುದು. ಹುಸೇನಸಾಬರು ಒಮ್ಮೆ ಗ್ರಿಪ್ಪು ಕಿತ್ತು ಪೆಟ್ಟಿಗೆಯ ಮೇಲಿಟ್ಟು ಹತ್ತಿದ್ದರಂತೆ. ಆ ದಾರಿಯಲ್ಲಿ ಹೊರಟಿದ್ದ ರೈತನೊಬ್ಬ ನೋಡಿ, ಯಾರೋ ಕಿತ್ತು ಹಾಗೇ ಬಿಟ್ಟು ಹೋಗಿದ್ದಾರೆ ಎಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ಅವನ್ನು ತಿರುಗಿ ಸಿಕ್ಕಿಸಿದ. ಎರಡು ಬೆರಳು ಹೋದದ್ದು ಹಾಗೆ.

"ಲೇ ರಾಮ್ಯಾ, ಗ್ರಿಪ್ ಮಣ್ಣಾಗ ಇಡಬ್ಯಾಡ, ಪೆಟಿಗಿ ಮ್ಯಾಲೂ ಇಡಬ್ಯಾಡ" ಎನ್ನುತ್ತಿದ್ದರು. "ಮನಷ್ಯಾರ ಕೈಯಾಗ ಕೊಡು. ಗಂಡಸಿನ ಕೈಯಾಗ ಕೊಟ್ರ ಬೀಡಿ ಸೇದಾಕ ಹೊಕ್ಕಾನ, ಮತ್ತೊಬ್ಬನ ಕೈಯಾಗ ಕೊಟ್ಟು ಮರ್ತಬಿಡ್ತಾನ. ಹೆಣಮಗಳ ಉಡ್ಯಾಗ ಹಾಕು. ಉಡ್ಯಾಗ ಕಟ್ಟಿಕೊಂಡದ್ದನ್ನ ಅಕಿ ಹಡದಪ್ಪ ಬಂದು ಕೇಳಿದ್ರೂ ಕೊಡಂಗಿಲ್ಲ."

ಇದು ಯಾವ ಕೈಪಿಡಿಯಲ್ಲೂ ಇಲ್ಲದ ನಿಯಮ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಲ್ಲಿ ಒಬ್ಬರನ್ನು ಕರೆಯುತ್ತಿದ್ದೆವು. ಆಕೆ ಕೈಯ ಮಣ್ಣು ಒರೆಸಿಕೊಂಡು ಬಂದು, ಸೆರಗು ಮುಂದೆ ತಂದು ಉಡಿ ಒಡ್ಡುತ್ತಿದ್ದಳು. ಗ್ರಿಪ್ಪು ಹಾಕಿಸಿಕೊಂಡು, ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬದ ಬುಡದಲ್ಲಿ ಕೂರುತ್ತಿದ್ದಳು. ನಾವು ಕೆಳಗೆ ಬಂದ ಮೇಲೆ ಉಡಿ ಬಿಚ್ಚಿ, "ಇಳದ್ಯಲ್ಲಪಾ, ತಗೋ" ಎನ್ನುತ್ತಿದ್ದಳು. ಎಷ್ಟು ಊರು, ಎಷ್ಟು ಕಂಬ! ಎಲ್ಲ ಕಡೆಯೂ ಅದೇ ಮಾತು. ಆ ಮಾತು ಕಿವಿಗೆ ಬೀಳುವವರೆಗೆ ನಾನು ಇಳಿದೆ ಎಂದುಕೊಳ್ಳುತ್ತಿರಲಿಲ್ಲ.

ಆದರೆ ಗಂಡಸರು ಗಂಡಸರೇ. ಹುನಗುಂದದ ಹತ್ತಿರ ಒಂದು ಊರಲ್ಲಿ ನಾನು ಮೇಲಿದ್ದಾಗ ಒಬ್ಬ ಗೌಡರು ಬಂದು, ಗ್ರಿಪ್ಪು ಉಡಿಯಲ್ಲಿಟ್ಟುಕೊಂಡು ಕುಳಿತಿದ್ದ ತಮ್ಮ ಹೆಂಡತಿಯ ಜೊತೆ ಜಗಳ ತೆಗೆದರು. "ಮೂರೂ ಬ್ಯಾಡ, ಒಂದ ಗ್ರಿಪ್ ಕೊಡು. ಬರೇ ಮನಿ ಲೈಟಿಗೆ ಹಾಕ್ತೇನಿ, ಅಂವಗೇನಾಗ್ತೈತಿ?" ಆಕೆ ಕೊಡಲಿಲ್ಲ, ನಾನು ಉಳಿದೆ. ರಜೆಯಲ್ಲಿ ಮನೆಗೆ ಹೋದಾಗ ಅವ್ವನ ಮುಂದೆ ಇದನ್ನು ಹೇಳಿದೆ. ಅವ್ವ ಮಗ್ಗದಿಂದ ಎದ್ದು ಬಂದು, ರೇಷ್ಮೆ ಎಳೆಯ ಒಂದು ತುಂಡು ತೆಗೆದು, ನನ್ನ ಕೈಯಲ್ಲಿ ಒಂದು ಗಂಟು ಹಾಕಿಸಿದಳು. ಹರಿದ ಎಳೆ ಕೂಡಿಸಲು ನೇಕಾರರು ಹಾಕುವ ಗಂಟು ಅದು. ಬಿಚ್ಚಲು ಬರುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಅಂದಿನಿಂದ ಮೂರೂ ಗ್ರಿಪ್ಪುಗಳನ್ನು ಕೂಡಿಸಿ ಕೆಂಪು ರೇಷ್ಮೆ ಎಳೆಯಲ್ಲಿ ಕಟ್ಟಿ ಆ ಗಂಟು ಹಾಕಿಯೇ ಉಡಿಗೆ ಕೊಡುತ್ತಿದ್ದೆ. ಇಳಿದ ಮೇಲೆ ನಾನೇ ಕತ್ತರಿಸುತ್ತಿದ್ದೆ. ಜೊತೆಯವರು ನಗುತ್ತಿದ್ದರು. "ಗ್ರಿಪ್ಪಿಗೆ ಸೀರಿ ನೇಯಾಕತ್ತೀಯೇನಲೇ?" ಎಂದು ಕಾಡುತ್ತಿದ್ದರು. ನಗಲಿ ಬಿಡಿ.

ಇಳಕಲ್ಲಿಗೆ ವರ್ಗವಾಗಿ ಬಂದಾಗ ನಾನು ಮಾಡಿದ ಒಂದು ಘನಂದಾರಿ ಕೆಲಸವನ್ನೂ ಹೇಳಬೇಕು. ಪವರ್‌ಲೂಮ್ ಓಣಿಯಲ್ಲಿ ಸುಟ್ಟ ಕೇಬಲ್ ಬದಲಿಸಿ, ಎರಡು ತಂತಿ ಅದಲುಬದಲಾಗಿ ಜೋಡಿಸಿ ಕರೆಂಟು ಕೊಟ್ಟೆ. ಮೂರು ಫೇಸಿನ ಮೋಟರು ಹಾಗೆ ಮಾಡಿದರೆ ಹಿಂದುಮುಂದಾಗಿ ತಿರುಗುತ್ತದೆ. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಉಲ್ಟಾ ತಿರುಗಿ, ಎಳೆ ಸಿಕ್ಕಾಗಿ, ಲಾಳಿ ಹಾರಿ, ಗದ್ದಲವೋ ಗದ್ದಲ. ಮೆರವಣಿಗೆ ಬಂದಂತೆ ಜನ ಬಂದರು, ಮುಂದೆ ನನ್ನ ಸ್ವಂತ ಸೋದರಮಾವ. "ಮಗ್ಗದ ಮನಿಯಾಗ ಹುಟ್ಟಿ ಮಗ್ಗಕ್ಕ ಬೆಂಕಿ ಹಚ್ಚಾಕ ಬಂದೀಯಾ?" ಎಂದು ಕೈ ಎತ್ತಿದರು. ಆಗ ಅಲ್ಲಿದ್ದ ಎಂಜಿನಿಯರ್ ಸಾಹೇಬರು ಅಡ್ಡ ಬಂದು, "ತಪ್ಪು ನಮ್ಮದೈತ್ರಿ. ಬೈಯೂದಿದ್ರ ನನಗ ಬೈರಿ, ಅಂವ ತಂತಿ ಸರಿ ಮಾಡ್ಲಿ" ಎಂದರು. ಓಣಿಯವರು ಹೇಳಿದ ಮಾತು ಕೇಳಿ ಮನುಷ್ಯ ತಣ್ಣಗೆ ನಿಂತೇ ಇದ್ದರು. ಅಂಥ ಮೇಲಧಿಕಾರಿ ಸಿಗುವುದು ಪುಣ್ಯ. ನನಗೆ ಅದು ಮತ್ತೊಮ್ಮೆ ಸಿಗಲಿಲ್ಲ.

ಬನ್ನಿಮಡ್ಡಿ ಎಂದರೆ ಬನಶಂಕರಿಯಿಂದ ಪಟ್ಟದಕಲ್ಲಿನ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನ ಹೊಲಗಳ ಹೆಸರು. ಅಂಚಿನಲ್ಲಿ ಹಳೆಯದೊಂದು ಬನ್ನಿಗಿಡ, ಅದಕ್ಕೇ ಆ ಹೆಸರು. ನಾನು ಬಾದಾಮಿಗೆ ಬಂದಾಗ ಅಲ್ಲಿ ಬಿಳಿಜೋಳ, ಕುಸುಬೆ, ಉಳ್ಳಾಗಡ್ಡಿ ಬೆಳೆಯುತ್ತಿದ್ದರು. ಒಂದು ಟಿಸಿ, ಅದರ ಮೇಲೆ ಐದಾರು ಮನೆತನದ ಪಂಪ್‌ಸೆಟ್ಟುಗಳು. ಟಿಸಿ ಹತ್ತಿರದ ಹೊಲ ಗಂಗವ್ವನದು. ನನಗಿಂತ ಸ್ವಲ್ಪ ದೊಡ್ಡವಳು, ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಗಂಡ, ಮಗ, ಸೊಸೆ ಎಲ್ಲ ಇದ್ದರೂ ಹೊಲದ ಯಜಮಾನಿಕೆ ಆಕೆಯದೇ. ಪಕ್ಕದ ಹೊಲ ಆಕೆಯ ಮೈದುನನದು, ಅಲ್ಲಿ ಮೈದುನನ ಮಗ ರುದ್ರಪ್ಪ ದುಡಿಯುತ್ತಿದ್ದ. ಬನ್ನಿಮಡ್ಡಿಯಲ್ಲಿ ನಾನು ಹತ್ತಿದ ಪ್ರತಿ ಕಂಬದ ಹೊತ್ತಿಗೂ ಗ್ರಿಪ್ಪು ಇದ್ದದ್ದು ಗಂಗವ್ವನ ಉಡಿಯಲ್ಲಿ.

ಅಲ್ಲಿ ಇನ್ನೊಂದು ಅನುಕೂಲವಿತ್ತು, ಅದು ಇಲ್ಲವಾಗುವವರೆಗೆ ನನಗೆ ತಿಳಿದಿರಲಿಲ್ಲ. ಬಯಲು ಹೊಲದಲ್ಲಿ ಕಂಬದ ಮೇಲಿನ ಮನುಷ್ಯ ಎಲ್ಲರಿಗೂ ಕಾಣುತ್ತಾನೆ. ಗಳೆ ಹೊಡೆಯುವವನು ಎತ್ತು ನಿಲ್ಲಿಸಿ ನೋಡುತ್ತಾನೆ. ದೂರದವನು "ರಾಮಣ್ಣಾ, ಎಷ್ಟೊತ್ತಾಗ್ತೈತೋ?" ಎಂದು ಕೂಗುತ್ತಾನೆ. ನಾನು ಮೇಲಿದ್ದೇನೆ ಎಂಬುದು ಇಡೀ ಮಡ್ಡಿಗೆ ಗೊತ್ತಿರುತ್ತಿತ್ತು.

ಮೊದಲು ರಸ್ತೆ ಪಕ್ಕದ ಹೊಲ ಹೋಯಿತು, ಆಮೇಲೆ ಅದರ ಹಿಂದಿನದು. ಬಾದಾಮಿಯ ಗುಹೆ ನೋಡಲು ಬರುವವರಿಗೆ ತಂಗುಮನೆ, ಹುಬ್ಬಳ್ಳಿಯವರಿಗೆ ವಾರಕ್ಕೊಮ್ಮೆ ಬಂದು ಗಾಳಿ ಕುಡಿಯಲು ಫಾರ್ಮ್ ಹೌಸು. ರುದ್ರಪ್ಪನ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಕೂಡಿ ಅವರ ಹೊಲವನ್ನೂ ಕೊಟ್ಟರು. ಕೊಂಡವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಲಾನ್ ಸಾಹೇಬರು ಎಂದು ಕರೆಯುತ್ತೇನೆ. ಜೋಳ ಬೆಳೆಯುತ್ತಿದ್ದ ಎರೆಮಣ್ಣಿನ ಮೇಲೆ ಲಾರಿಗಟ್ಟಲೆ ಕೆಂಪುಮಣ್ಣು ಸುರಿದು ಹುಲ್ಲು ಬೆಳೆಸಿದರು. ದನ ತಿನ್ನಬಾರದ ಹುಲ್ಲು! ಒಂದು ಈಜುಕೊಳ. ಸುತ್ತ ಆಳೆತ್ತರ ಮೀರಿದ ಗೋಡೆ. ರುದ್ರಪ್ಪನ ಅಪ್ಪನ ಬಂಡಿಯ ಗಾಲಿಯೊಂದಕ್ಕೆ ಬಣ್ಣ ಬಳಿದು ಗೇಟಿನ ಪಕ್ಕ ಗೋಡೆಗೆ ಮೊಳೆ ಹೊಡೆದರು, ಅಂದಕ್ಕೆ. ಅದರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಖಾಕಿ ಅಂಗಿ ತೊಡಿಸಿ, ರುದ್ರಪ್ಪನನ್ನು ವಾಚ್‌ಮನ್ ಮಾಡಿ ಕೂರಿಸಿದರು. ತನ್ನ ಹೊಲಕ್ಕೆ ತಾನೇ ಕಾವಲುಗಾರ, ಆದರೆ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಇದನ್ನು ನೋಡಿ ಯಾರಿಗಾದರೂ ಸಿಟ್ಟು ಬರದಿದ್ದರೆ ಅವರ ಮೈಯಲ್ಲಿ ರಕ್ತವಿಲ್ಲ ಎಂದೇ ನನ್ನ ಎಣಿಕೆ.

ಕರೆಂಟಿನ ಲೆಕ್ಕದಲ್ಲಿ ಆ ಹುಲ್ಲು, ಈಜುಕೊಳ ಎಲ್ಲವೂ ಇನ್ನೂ 'ಹೊಲ'. ರುದ್ರಪ್ಪನ ಅಪ್ಪ ತೆಗೆಸಿದ್ದ ಪಂಪ್‌ಸೆಟ್ಟಿನ ಸಂಪರ್ಕವೇ ಮುಂದುವರಿಯಿತು. ರೈತನಿಗೆಂದು ಬಿಟ್ಟ ಕರೆಂಟು ಈಜುಕೊಳ ತುಂಬಿಸುತ್ತಿತ್ತು, ಅದೇ ಸಾಲಿನ ಮೇಲಿದ್ದ ಗಂಗವ್ವನ ಮೋಟರು ಕರೆಂಟು ಸಾಲದೆ ಗುಂಯ್‌ಗುಡುತ್ತಿತ್ತು. ನಾನು ಬರೆದುಕೊಟ್ಟೆ. ಸೆಕ್ಷನ್ನಿಗೆ ಹೊಸದಾಗಿ ಬಂದ ಸಾಹೇಬರು ಓದಿ, "ರಾಮಣ್ಣಾರ, ಗ್ರಾಹಕರ ಜೋಡಿ ಸಂಬಂಧ ಛಲೋ ಇಟ್ಕೋಬೇಕ್ರಿ" ಎಂದು ಮಡಚಿಟ್ಟರು. ಗಂಗವ್ವ ಗ್ರಾಹಕಳಲ್ಲವೇ ಎಂದು ಕೇಳಿದೆ. ಉತ್ತರ ಬರಲಿಲ್ಲ, ಚಹ ಬಂತು.

ಮುಂದಿನದು ಕೇಳಿ. ಲಾನ್ ಸಾಹೇಬರ ಹುಲ್ಲಿನ ಅಂಚಿನಲ್ಲಿ ನಮ್ಮದೊಂದು ಕಂಬವಿತ್ತು. ಅವರು ಹಿಂದಿನ ಗುಡ್ಡ ಕಾಣುವಂತೆ ಕುಳಿತು ಫೋಟೋ ತೆಗೆಸಿಕೊಂಡರೆ ಅದು ನಡುವೆ ಬರುತ್ತಿತ್ತಂತೆ. "ಏನ್ರಿ ಇದು, ಇಷ್ಟ ಛಂದ ವ್ಯೂ ಐತಿ, ನಡು ಹಲ್ಲಾಗ ಕಡ್ಡಿ ಸಿಕ್ಕಂಗ ಕಂಬಾ!" ಎಂದು ನಮ್ಮ ಸೆಕ್ಷನ್ನಿನ ಸಾಹೇಬರ ಮುಂದೆ ದೂರಿದರು. ಗಂಗವ್ವನ ಹೊಲದ ಹತ್ತಿರದ ಟಿಸಿಯ ಮುರುಕು ಪೆಟ್ಟಿಗೆ ಬದಲಿಸಲು ಸಾಮಾನು ಇರದ ನಮ್ಮ ಆಫೀಸಿನಲ್ಲಿ ಈ ಕಂಬ ಕೀಳಲು ಲಾರಿ, ಆಳು, ಹಗ್ಗ ಎಲ್ಲ ಕೂಡಿಬಂದವು. ಕಂಬ ಹೋಯಿತು. ಎರಡು ಕಂಬಗಳ ನಡುವಿನ ಅಂತರ ದುಪ್ಪಟ್ಟಾಯಿತು. ತಂತಿ ಗಂಗವ್ವನ ಹೊಲದ ಮೇಲೆ ಜೋಲಿ ಹೊಡೆಯತೊಡಗಿತು. ಗಾಳಿ ಬಿಟ್ಟರೆ ಒಂದಕ್ಕೊಂದು ತಾಗಿ ಕಿಡಿ.

"ಏನಪಾ ರಾಮಣ್ಣಾ, ಅವರ ಫೋಟೋ ಛಂದ ಬರ್ಲೆಂತ ನನ್ನ ಜ್ವಾಳದ ಕಣಕಿ ಬಣವಿ ಸುಡಬೇಕೇನು?" ಎಂದು ಗಂಗವ್ವ ಕೇಳಿದಳು.

ಒಂದು ಭಾನುವಾರ ಬೆಳಿಗ್ಗೆ ಆ ತಂತಿ ಹರಿದು ಬಿತ್ತು. ದನ ಕರು ಅತ್ತ ಹೋಗದಂತೆ ಗಂಗವ್ವ ಕಾವಲು ನಿಂತು ನನಗೆ ಫೋನು ಮಾಡಿಸಿದಳು. ಹೋದೆ. ಮೂರೂ ಗ್ರಿಪ್ಪು ಕಿತ್ತು, ಕೆಂಪು ಎಳೆಯಲ್ಲಿ ಗಂಟು ಹಾಕಿ, ಆಕೆಯ ಉಡಿಗೆ ಹಾಕಿದೆ. ಟೆಸ್ಟರ್ ಹಚ್ಚಿ ನೋಡಿದೆ, ತಂತಿ ಸತ್ತಿತ್ತು. ಬೆಲ್ಟು ಕಟ್ಟಿ ಹತ್ತಿದೆ. ಹುಡುಗರೇ, ಇಲ್ಲಿ ನಿಮಗೊಂದು ಮಾತು: ಕೆಲಸ ಮಾಡುವ ಜಾಗದ ಎರಡೂ ಕಡೆ ತಂತಿಯನ್ನು ಭೂಮಿಗೆ ಜೋಡಿಸದೆ ಹತ್ತಬೇಡಿ. ಅದಕ್ಕೆ ಬೇಕಾದ ಸರಪಳಿ ನಮ್ಮ ಸೆಕ್ಷನ್ನಿಗೆ ಒಂದೇ ಇತ್ತು, ಆ ದಿನ ಅದು ಬೇರೆ ತಂಡದ ಕೈಯಲ್ಲಿತ್ತು. ಇಲ್ಲದಿದ್ದರೆ ಇಲ್ಲ ಎನ್ನಿ, ಮನೆಗೆ ಹೋಗಿ. ಯಾವ ಸಾಹೇಬನೂ ನಿಮ್ಮ ಮಕ್ಕಳನ್ನು ಸಾಕುವುದಿಲ್ಲ.

ನಾನು ಮೇಲಿದ್ದಾಗ ಗೋಡೆಯ ಆಚೆ ಕಾರುಗಳು ಬಂದವು. ಲಾನ್ ಸಾಹೇಬರ ಅತಿಥಿಗಳು. ಒಳಗೆ ಕರೆಂಟಿಲ್ಲ, ಹಾಡಿಲ್ಲ, ಫ್ರಿಜ್ಜಿನಲ್ಲಿ ತಂಪಿಲ್ಲ. ಜನರೇಟರ್ ಹಚ್ಚು ಎಂದು ರುದ್ರಪ್ಪನಿಗೆ ಹುಕುಂ ಆಯಿತು. ಮನೆಯ ಜನರೇಟರ್ ಹಚ್ಚುವ ಮೊದಲು ಹೊರಗಿನ ಸಾಲಿನ ಸಂಪರ್ಕ ತಾನಾಗಿ ಕಡಿಯುವಂಥ ಒಂದು ಸ್ವಿಚ್ಚು ಇರಬೇಕು. ಅಷ್ಟು ದೊಡ್ಡ ಮನೆ ಕಟ್ಟಿದವರು ಅದನ್ನು ಹಾಕಿಸಿರಲಿಲ್ಲ. ಜನರೇಟರಿನ ಕರೆಂಟು ಮನೆಯೊಳಗಷ್ಟೇ ಹೋಗಲಿಲ್ಲ. ಸರ್ವಿಸ್ ತಂತಿಯಲ್ಲಿ ಹಿಂದಕ್ಕೆ ಹರಿದು ನಮ್ಮ ಸಾಲಿಗೆ ಬಂತು. ಗ್ರಿಪ್ಪುಗಳು ಗಂಗವ್ವನ ಉಡಿಯಲ್ಲಿದ್ದಂತೆಯೇ, ನನ್ನ ಕೈಯಲ್ಲಿದ್ದ ಸತ್ತ ತಂತಿಗೆ ಜೀವ ಬಂತು.

ನೆನಪಿರುವುದು ಇಷ್ಟು: ಆಕೆಯ ಕೂಗು. "ರುದ್ರ್ಯಾ! ಮ್ಯಾಲ ಮನಷ್ಯಾ ಅದಾನೋ! ಬಂದ್ ಮಾಡೋ!" ಗೋಡೆಯ ಆಚೆ ಯಾರು ಏನು ಮಾಡಿದರು ಎಂದು ಆಕೆಗೆ ತಿಳಿದಿರಲಿಕ್ಕಿಲ್ಲ. ಆದರೆ ಜನರೇಟರಿನ ಸದ್ದು ಎದ್ದದ್ದು, ನಾನು ಕಂಬದಲ್ಲಿ ಸೆಟೆದದ್ದು ಒಟ್ಟಿಗೇ ಆಗಿದ್ದವು. ರುದ್ರಪ್ಪ ದೊಡ್ಡವ್ವನ ದನಿ ಕೇಳಿ ಓಡಿಹೋಗಿ ಜನರೇಟರ್ ಆರಿಸಿದ. ಬೆಲ್ಟು ನನ್ನನ್ನು ಬೀಳಗೊಡಲಿಲ್ಲ. ಊರವರು ನಿಚ್ಚಣಿಕೆ ತಂದು ಇಳಿಸಿ, ನವನಗರದ ದವಾಖಾನೆಗೆ ಒಯ್ದರು. ಬಲ ಅಂಗೈ ಸುಟ್ಟಿತ್ತು, ಜೀವ ಉಳಿದಿತ್ತು.

ಆ ಗೋಡೆಯ ಒಳಗಿದ್ದ ಒಬ್ಬರೂ ಹೊರಗೆ ಬಂದು ನೋಡಲಿಲ್ಲ. ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ. ಬರಲಿಲ್ಲ ಅಂದರೆ ಬರಲಿಲ್ಲ.

ಮೂರನೆಯ ದಿನ ಸೆಕ್ಷನ್ನಿನ ಸಾಹೇಬರು ದವಾಖಾನೆಗೆ ಬಂದರು. ಕೈಯಲ್ಲಿ ಸೇಬುಹಣ್ಣು, ಕಂಕುಳಲ್ಲಿ ಫೈಲು. ನನ್ನ ಹೇಳಿಕೆಯನ್ನು ಅವರೇ ಬರೆದು ತಂದಿದ್ದರು. ನಾನು ಮೇಲಿದ್ದಾಗ ಕೆಳಗಿದ್ದ ಗಂಗವ್ವ ಎಂಬ ಮುದುಕಿ ತಿಳಿಯದೆ ಗ್ರಿಪ್ಪುಗಳನ್ನು ತಿರುಗಿ ಹಾಕಿದ್ದರಿಂದ ಅನಾಹುತವಾಯಿತು ಎಂದು ಅದರಲ್ಲಿತ್ತು. ಫಾರ್ಮ್ ಹೌಸಿನವರು ಆ ದಿನ ಜನರೇಟರ್ ಹಚ್ಚೇ ಇಲ್ಲ ಎಂದು ಬರೆದುಕೊಟ್ಟಿದ್ದರು. ರುದ್ರಪ್ಪ ತನಗೇನೂ ಗೊತ್ತಿಲ್ಲ ಎಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಅಂಥ ನ್ಯಾಯ.

"ಸಹಿ ಮಾಡಿಬಿಡ್ರಿ. ಹಳ್ಳಿ ಹೆಣಮಗಳು, ತಿಳೀದ ಮಾಡ್ಯಾಳ ಅಂತ ಆಕ್ಕೈತಿ. ಅಕಿಗೂ ತ್ರಾಸಿಲ್ಲ, ನಿಮಗೂ ತ್ರಾಸಿಲ್ಲ" ಎಂದರು.

ಅಕಿಗೂ ತ್ರಾಸಿಲ್ಲ! ಊರಲ್ಲಿ ಆಗಲೇ ಆಕೆಗೆ "ಲೈನ್‌ಮನ್ನನ ಕೊಲ್ಲಾಕ ಹೋದಾಕಿ" ಎಂಬ ಹೆಸರು ಬಿದ್ದಾಗಿತ್ತು. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಒಂದು ಜೀವ ಉಡಿಯಲ್ಲಿಟ್ಟುಕೊಂಡು ಕಾದವಳ ಮೇಲೆ ಕೊಲೆಯ ಕಳಂಕ ಹೊರಿಸಿ, ಅದಕ್ಕೆ ನನ್ನ ಸಹಿ ಬೇಕಂತೆ! ಬಲಗೈ ಪಟ್ಟಿಯಲ್ಲಿತ್ತು, ಇಲ್ಲದಿದ್ದರೆ ಆ ಫೈಲನ್ನು ಕಿಟಕಿಯಿಂದ ಎಸೆಯುತ್ತಿದ್ದೆ. ಸಹಿ ಮಾಡುವುದಿಲ್ಲ ಎಂದೆ.

ನಾವು ಹೀಗೆ ಜಗ್ಗಾಡುತ್ತಿದ್ದಾಗಲೇ ಗಂಗವ್ವ ಮಗನ ಜೊತೆ ಬಾಗಿಲಲ್ಲಿ ಬಂದು ನಿಂತಳು. ಅವತ್ತಿನ ಸೀರೆ ಬದಲಾಗಿತ್ತು, ಸೊಂಟದ ಗಂಟು ಹಾಗೇ ಇತ್ತು. ಆಕೆಯ ಮಗ ಹೇಳಿದ: ಅಪಘಾತದ ಸಂಜೆಯೇ ಬೇರೆ ಲೈನ್‌ಮನ್ನರು ಬಂದು ಗ್ರಿಪ್ಪು ಕೇಳಿದರು, ಆಕೆ ಕೊಡಲಿಲ್ಲ. ಮರುದಿನ ಆಫೀಸಿನಿಂದ ಕೇಳಿದರು, ಕೊಡಲಿಲ್ಲ. ಅವರು ಕೊನೆಗೆ ಬೇರೆ ಗ್ರಿಪ್ಪು ತಂದು ಹಾಕಿಕೊಂಡರು. ಊರಿನ ಹಿರಿಯರು ಬೈದರೂ ಆಕೆಯದು ಒಂದೇ ಮಾತು: "ಅಂವ ಕೊಟ್ಟಾನ. ಅಂವ ಇಳದು ಬಂದು ಕೇಳ್ಲಿ, ಕೊಡ್ತೇನಿ."

ಆಕೆ ಸಾಹೇಬರತ್ತ ತಿರುಗಿಯೂ ನೋಡಲಿಲ್ಲ. ಹಾಸಿಗೆಯ ಪಕ್ಕ ನಿಂತು ಉಡಿಯ ಗಂಟು ಬಿಚ್ಚಿದಳು.

"ಇಳದ್ಯಲ್ಲಪಾ" ಎಂದಳು. "ತಗೋ."

ಮೂರೂ ಗ್ರಿಪ್ಪು, ಸುತ್ತ ಕೆಂಪು ರೇಷ್ಮೆ, ಮೇಲೆ ನನ್ನ ಅವ್ವ ಕಲಿಸಿದ ಗಂಟು. ಕತ್ತರಿ ತಾಗಿರಲಿಲ್ಲ. ನಾನು ಅಳುವವನಲ್ಲ, ಅವತ್ತು ಅತ್ತೆ. ಆಮೇಲೆ ಎಡಗೈಯಿಂದ ಆ ಕಟ್ಟನ್ನು ಸಾಹೇಬರ ಮುಂದೆ ಹಿಡಿದೆ. "ಈ ಮೂರನ್ನೂ ಕೂಡಿಸಿ ಕಟ್ಟಿದ್ದು ನಾನು, ಹತ್ತೂಕಿಂತ ಮೊದಲ. ಈ ಗಂಟು ಕತ್ತರಿಸಲಾರದ ಒಂದರ ಗ್ರಿಪ್ ಪೆಟಿಗ್ಯಾಗ ಹೆಂಗ ಕೂಡಸ್ತೀರಿ, ತೋರಸ್ರಿ" ಎಂದೆ.

"ಗಂಟು ಏನ್ರಿ, ಯಾರು ಬೇಕಾದ್ರೂ ಹಾಕಬಹುದು" ಎಂದರು ಸಾಹೇಬರು.

"ಹಾಕ್ರಿ ಮತ್ತ" ಎಂದೆ. ಅವರು ಫೈಲು ಮಡಚಿದರು.

ಗೆದ್ದೆ ಎಂದುಕೊಳ್ಳಬೇಡಿ. ವರದಿಯಿಂದ ಗಂಗವ್ವನ ಹೆಸರು ತೆಗೆಸಿದೆ, ಅಷ್ಟೇ. ಊರಿನ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ನಾನೇ ಹೋಗಿ ಗಂಟು ತೋರಿಸಿ ಬಂದೆ, ಆಕೆಯ ಮೇಲಿನ ಮಾತು ಅಲ್ಲಿಗೆ ನಿಂತಿತು. ಆದರೆ ವರದಿಯಲ್ಲಿ ಕಾರಣ ತಿಳಿದುಬಂದಿಲ್ಲ ಎಂದು ಬರೆದರು. ಜನರೇಟರಿನ ಹೆಸರಿಲ್ಲ, ಇಲ್ಲದ ಸ್ವಿಚ್ಚಿನ ಹೆಸರಿಲ್ಲ, ಕಿತ್ತ ಕಂಬದ ಹೆಸರಿಲ್ಲ. ಲಾನ್ ಸಾಹೇಬರಿಗೆ ಒಂದು ನೋಟಿಸೂ ಹೋಗಲಿಲ್ಲ. ನಾನು ಮೇಲಿನವರಿಗೆ ಬರೆದೆ, ಅದಕ್ಕೂ ಮೇಲಿನವರಿಗೆ ಬರೆದೆ. ಕುರುಡನ ಮುಂದೆ ಕನ್ನಡಿ ಹಿಡಿದಂತಾಯಿತು.

ಜಗತ್ತು ಬದಲಾಗಬಾರದು ಎಂದು ನಾನು ಹೇಳುತ್ತಿಲ್ಲ. ನಾನೇ ಮಗ್ಗ ಬಿಟ್ಟು ಬಂದವನು. ಹೊಲ ಮಾರುವುದು ಮಾರುವವನ ಇಷ್ಟ, ಕೊಳ್ಳುವುದು ಕೊಳ್ಳುವವನ ಇಷ್ಟ. ಆದರೆ ಒಂದೇ ತಂತಿಗೆ ಜೋತುಬಿದ್ದ ಮೇಲೆ ಆ ತಂತಿಯ ಮೇಲಿರುವವನನ್ನು ನೋಡಬೇಡವೇ? ಬನ್ನಿಮಡ್ಡಿಯ ಹಳೆಯ ಜನ ಓದು ಬಾರದಿದ್ದರೂ ತಲೆ ಎತ್ತಿ ಕಂಬ ನೋಡುತ್ತಿದ್ದರು. ಈ ಜನ ಗುಡ್ಡ ನೋಡಲು ಬಂದವರು, ಕಂಬ ಅವರಿಗೆ ಬೇಡ.

ಕೈ ವಾಸಿಯಾಗಿ ಕೆಲಸಕ್ಕೆ ಮರಳಿದೆ. ನಿವೃತ್ತಿಗೆ ಸ್ವಲ್ಪ ದಿನವಿರುವಾಗ ಅದೇ ಸಾಲಿನಲ್ಲಿ ಮತ್ತೆ ಕೆಲಸ ಬಿತ್ತು. ಈ ಸಲ ಸರಪಳಿ ಕೈಯಲ್ಲಿ ಹಿಡಿದೇ ಆಫೀಸು ಬಿಟ್ಟಿದ್ದೆ. ಬನ್ನಿಮಡ್ಡಿಯಲ್ಲಿ ಆಗ ಸುತ್ತಲೂ ಗೋಡೆಗಳಾಗಿದ್ದವು, ನಡುವೆ ಗಂಗವ್ವನ ಜೋಳ ಒಂದೇ ಎದೆಯೆತ್ತರ ನಿಂತಿತ್ತು. ಬನ್ನಿಗಿಡವೂ ಯಾರದೋ ಗೋಡೆಯ ಒಳಗೆ ಸೇರಿತ್ತು.

ಗ್ರಿಪ್ಪು ಕಿತ್ತು ಗಂಟು ಹಾಕಿ ಉಡಿಗೆ ಹಾಕಿದೆ. ಗಂಗವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಎಂದಿನಂತೆ ಕಂಬದ ಬುಡದಲ್ಲಿ ಕೂರಲಿಲ್ಲ.

"ಯಕ್ಕಾ, ಎಲ್ಲಿ ಹೊಂಟಿ?" ಎಂದೆ.

"ನೀ ಹತ್ತು. ಇಲ್ಲಿ ಕುಂತ್ರ ಏನೂ ಉಪಯೋಗಿಲ್ಲ ಅಂತ ಹೋದ ಸಲ ಗೊತ್ತಾತು. ಎಲ್ಲಿ ಕುಂದರಬೇಕೋ ಅಲ್ಲಿ ಕುಂದರ್ತೇನಿ."

ಎರಡೂ ಕಡೆ ಸರಪಳಿ ಹಾಕಿ ಹತ್ತಿದೆ. ಮೇಲಿನಿಂದ ನೋಡಿದರೆ ಆಕೆ ಬದುವಿನ ಮೇಲೆ ನಡೆದು, ರಸ್ತೆ ಸುತ್ತಿಕೊಂಡು, ಲಾನ್ ಸಾಹೇಬರ ಗೇಟಿನ ಮುಂದೆ ಹೋದಳು. ಗೇಟಿಗೆ ಬೆನ್ನು ಕೊಟ್ಟು, ದಾರಿಯ ನಡುವೆಯೇ ನೆಲಕ್ಕೆ ಕುಳಿತಳು. ಸ್ವಲ್ಪ ಹೊತ್ತಿಗೆ ಕಾರು ಬಂತು. ಹಾರ್ನು ಹೊಡೆಯಿತು. ಆಕೆ ಏಳಲಿಲ್ಲ. ಲಾನ್ ಸಾಹೇಬರು ಗಾಜು ಇಳಿಸಿ ಏನೋ ಅಂದರು, ರುದ್ರಪ್ಪ ಕುರ್ಚಿಯಿಂದ ಎದ್ದು ಓಡಿ ಬಂದ. ಬಯಲಿನಲ್ಲಿ ಮಾತು ಮೇಲಕ್ಕೆ ಚೆನ್ನಾಗಿ ಕೇಳುತ್ತದೆ.

"ದೊಡ್ಡವ್ವಾ, ಏಳವಾ. ಸಾಹೇಬ್ರು ಬಂದಾರ."

"ಬರ್ಲಿ."

"ಒಳಗ ಕರೆಂಟ್ ಇಲ್ಲ, ಜನರೇಟರ್ ಹಚ್ಚಬೇಕಂತ."

"ಮ್ಯಾಲ ಮನಷ್ಯಾ ಅದಾನ" ಎಂದಳು ಗಂಗವ್ವ, ಕಂಬದತ್ತ ಕೈ ತೋರಿಸಿ. "ಅಂವ ಇಳದ ಮ್ಯಾಲ ಏಳ್ತೇನಿ. ಅಲ್ಲೀತನಕಾ ನನ್ನ ಮ್ಯಾಲ ಗಾಡಿ ಹಾಯಿಸಿ ಹೋಗು ಅಂತ ಹೇಳು ನಿನ್ನ ಸಾಹೇಬಗ."

ರುದ್ರಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಕಾರಿನತ್ತ ಹೋಗಲಿಲ್ಲ. ಗೇಟಿನ ಒಳಗೆ ಜನರೇಟರಿನ ಶೆಡ್ಡಿಗೆ ಹೋದ. ಸರಪಳಿ ಇದ್ದರೂ ನಾನು ತಂತಿಯಿಂದ ಕೈ ಹಿಂದಕ್ಕೆ ತೆಗೆದೆ. ಅವನು ಹೊರಗೆ ಬಂದಾಗ ಕೈಯಲ್ಲಿ ಜನರೇಟರಿನ ಕೀಲಿಕೈ ಇತ್ತು. ಗಂಗವ್ವನ ಮುಂದೆ ಮೊಳಕಾಲೂರಿ ಕುಳಿತ.

"ಉಡಿ ಒಡ್ಡು ದೊಡ್ಡವ್ವಾ" ಎಂದ.

ಆಕೆ ಸೊಂಟದ ಗಂಟು ಬಿಚ್ಚಿ ಸೆರಗು ಹರವಿದಳು. ನನ್ನ ಗ್ರಿಪ್ಪುಗಳ ಪಕ್ಕದಲ್ಲಿ ಅವನು ಆ ಕೀಲಿಕೈ ಹಾಕಿದ. ಆಕೆ ಎಲ್ಲವನ್ನೂ ಕೂಡಿಸಿ ಮತ್ತೆ ಕಟ್ಟಿಕೊಂಡಳು. ರುದ್ರಪ್ಪ ಖಾಕಿ ಅಂಗಿ ತೊಟ್ಟೇ ಆಕೆಯ ಪಕ್ಕದಲ್ಲಿ ನೆಲಕ್ಕೆ ಕುಳಿತ. ಮರುವಾರ ಅವನ ನೌಕರಿ ಹೋಯಿತು. ಈಗ ದೊಡ್ಡವ್ವನ ಹೊಲದಲ್ಲೇ ಪಾಲಿಗೆ ದುಡಿಯುತ್ತಿದ್ದಾನೆ.

ಕಾರು ಮತ್ತೆ ಹಾರ್ನು ಹೊಡೆಯಿತು, ಮೇಲಿಂದ ಮೇಲೆ ಹೊಡೆಯಿತು. ನನ್ನ ಕೆಲಸ ಆಗಲೇ ಮುಗಿದಿತ್ತು. ನಾನು ಇಳಿಯಲಿಲ್ಲ. ಚೀಲದಿಂದ ಪಾನಾ ತೆಗೆದು, ಬಿಗಿಯಾಗಿಯೇ ಇದ್ದ ಬೋಲ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿ ಮಾಡುತ್ತ ಕುಳಿತೆ.